ಕಲ್ಲಿಲ್ಲದ ಹೊಲ

ಓದ್ರಾ ನದಿಯ ದಂಡೆಯಿಂದ
೯ ಜೂನ್ ೧೯೪೬

ಪ್ರೀತಿಯ ಪೋಲಾ,

ನಂಬಿದರೆ ನಂಬು, ಬಿಟ್ಟರೆ ಬಿಡು. ನಿನ್ನೆ ಬೆಳಗಿನಿಂದ ಮಧ್ಯಾಹ್ನದವರೆಗೆ ಉತ್ತೆ, ನೇಗಿಲಿಗೆ ಒಂದೇ ಒಂದು ಕಲ್ಲು ತಾಗಲಿಲ್ಲ. ಗುಳವೇ ಕಳಚಿ ಬಿತ್ತೋ ಏನೋ ಎಂದು ಎರಡು ಸಲ ಕುದುರೆ ನಿಲ್ಲಿಸಿ ಬಗ್ಗಿ ನೋಡಿದೆ. ಗುಳ ನೆಟ್ಟಗೇ ಇತ್ತು. ಪಕ್ಕದ ಹೊಲದವನು ಏನು ಬೀಳಿಸಿಕೊಂಡೆ ಎಂದು ಕೇಳಿದ. ಕಲ್ಲು ಹುಡುಕುತ್ತಿದ್ದೇನೆ ಎಂದೆ. ಈ ಮನುಷ್ಯನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಆಮೇಲೆ ಮಾತಾಡಿಸಲಿಲ್ಲ.

ನಮ್ಮ ಗ್ರೊಂದಿಯ ದಿಬ್ಬದ ಮೇಲೆ ವರ್ಷ ವರ್ಷವೂ ಕಲ್ಲು ಆರಿಸಿ ಸೊಂಟ ಮುರಿದುಕೊಂಡದ್ದು ನೆನೆದರೆ ಈಗ ನಗು ಬರುತ್ತದೆ. ಎಷ್ಟು ಆರಿಸಿದರೂ ಚಳಿಗಾಲ ಕಳೆಯುವಷ್ಟರಲ್ಲಿ ನೆಲ ಮತ್ತೆ ಅಷ್ಟನ್ನೇ ಹೆತ್ತು ಮೇಲೆ ಇಡುತ್ತಿತ್ತು. ಸೈತಾನ ಕಲ್ಲಿನ ಮೂಟೆ ಹೊತ್ತು ಹೋಗುವಾಗ ನಮ್ಮೂರಿನ ಮೇಲೇ ಚೀಲ ಹರಿಯಿತು ಎನ್ನುತ್ತಿದ್ದರಲ್ಲ, ಅವನು ಇಲ್ಲಿಗೆ ಬರುವ ಹೊತ್ತಿಗೆ ಚೀಲ ಖಾಲಿಯಾಗಿತ್ತು ನೋಡು.

ಯುದ್ಧ ಸೋತು ಜರ್ಮನ್ನರು ಬಿಟ್ಟುಹೋದ ಮನೆಯನ್ನು ಸರ್ಕಾರದವರು ಕೊಟ್ಟಿದ್ದಾರೆ. ಛಾವಣಿ ಇದೆ, ಒಲೆ ಇದೆ, ಕೊಟ್ಟಿಗೆ ನಮ್ಮೂರ ಚರ್ಚಿಗಿಂತ ದೊಡ್ಡದು. ಊರಿಗೆ ಮಾತ್ರ ಹೆಸರು ಇನ್ನೂ ಗಟ್ಟಿಯಾಗಿಲ್ಲ. ರೈಲು ನಿಲ್ದಾಣದ ಹಲಗೆಯಲ್ಲಿ ಒಂದು, ಪಾದ್ರಿಯ ಬಾಯಲ್ಲಿ ಇನ್ನೊಂದು. ಮೇಜಿಗೆ ಎರಡು ಕುರ್ಚಿ ಇವೆ. ಊಟಕ್ಕೆ ಕೂತಾಗ ಎದುರಿನ ಕುರ್ಚಿ ನೋಡಿ ನೋಡಿ ಸಾಕಾಗಿದೆ. ಬೇಗ ಹೊರಟು ಬಾ.

ನಿನ್ನ ತೋಫಿಲ್

*

ಗ್ರೊಂದಿ
೬ ಜುಲೈ ೧೯೪೬

ತೋಫಿಲ್,

ಕಲ್ಲಿಲ್ಲ ಕಲ್ಲಿಲ್ಲ ಎಂದು ಕಾಗದದ ತುಂಬಾ ಕೊಚ್ಚಿಕೊಂಡಿದ್ದೀಯ. ಹೆಂಡತಿ ಇಲ್ಲ ಎಂದು ಒಂದೇ ಸಲ ಬರೆದಿದ್ದೀಯ, ಅದೂ ಕುರ್ಚಿಯ ನೆಪದಲ್ಲಿ. ಇರಲಿ, ಅಷ್ಟಕ್ಕೇ ನಾನು ಮೂರು ಸಲ ಓದಿದೆ.

ಇಲ್ಲಿ ಹುಲ್ಲು ಕೊಯ್ಲು. ಪಕ್ಕದ ಮನೆಯ ಫ್ಲೋರಿಯಾನ್ ಮತ್ತು ಅವನ ಹೆಂಡತಿಯ ಜೊತೆ ಎಂಟು ದಿನದಿಂದ ಜವುಗಿನಲ್ಲೇ ಇದ್ದೇನೆ. ಮೊಣಕಾಲವರೆಗೆ ನೀರು, ಕಿವಿಯವರೆಗೆ ಸೊಳ್ಳೆ. ಬಿಯೆಬ್ಜಾ ನದಿ ಈ ವರ್ಷ ತಡವಾಗಿ ಇಳಿದಿದ್ದರಿಂದ ಹುಲ್ಲು ಎದೆಯೆತ್ತರ ಬಂದಿದೆ. ಫ್ಲೋರಿಯಾನ್ ನಮ್ಮ ಪಾಲನ್ನೂ ತಾನೇ ಕೊಯ್ಯುತ್ತಾನೆ. ಕೂಲಿ ಎಂದರೆ ಮುಖ ಊದಿಸಿಕೊಳ್ಳುತ್ತಾನೆ. ದಿಬ್ಬದವರು ನಾವು, ಹಾಗೆಲ್ಲ ಮಾತಾಡಬಾರದಂತೆ.

ಬಾ ಎಂದೆ. ಮಗಳನ್ನು ಬಿಟ್ಟು ಹೇಗೆ ಬರಲಿ ಹೇಳು. ಅವಳ ಮಾತು ಬಂದರೆ ನೀನು ಎದ್ದು ಹೊರಗೆ ಹೋಗುತ್ತಿದ್ದೆ. ಕಾಗದದಿಂದ ನೀನು ಎದ್ದು ಹೋಗಲಾರೆ ಎಂದು ಬರೆಯುತ್ತಿದ್ದೇನೆ. ಹೋದ ವರ್ಷ ನದಿಯ ಆಚೆ ದಂಡೆಯಲ್ಲಿ ಒಂದು ಸೈನ್ಯ, ಈಚೆಗೆ ಇನ್ನೊಂದು. ಊರೆಲ್ಲ ನೆಲದೊಳಗೆ ಗುಂಡಿ ತೋಡಿಕೊಂಡು ಬದುಕಿದ್ದ ಜನವರಿಯಲ್ಲಿ ರೂಜ್ಯಾ ಹೋದಳು. ನಾನೂ ಅದೇ ಟೈಫಸ್ ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದೆ. ಅವಳ ಮುಖ ನಾನು ನೋಡಲಿಲ್ಲ. ಚರ್ಚಿನ ಸ್ಮಶಾನಕ್ಕೆ ಹೋಗುವ ದಾರಿಯೇ ಇರಲಿಲ್ಲ, ನೀನೊಬ್ಬನೇ ಎತ್ತಿಕೊಂಡು ಹೋಗಿ ನಮ್ಮ ಹೊಲದಲ್ಲೇ ಮಣ್ಣು ಮಾಡಿ ಬಂದೆ. ಹಿಮ ಕರಗಿ ನೆರೆ ಇಳಿದ ಮೇಲೆ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಆ ಕೆಂಪು ಕಲ್ಲು ತೋರಿಸಿದೆ. ಭಾನುವಾರ ಭಾನುವಾರ ಅದರ ಹತ್ತಿರ ಹೋಗಿ ಕೂರುತ್ತೇನೆ. ನನಗಿರುವುದು ಅದೊಂದು.

ನೀನೇ ಬಂದುಬಿಡು ಎನ್ನೋಣವೆಂದರೆ, ಕಲ್ಲಿಲ್ಲದ ಹೊಲ ಸಿಕ್ಕಿದವನಿಗೆ ಹಾಗೆನ್ನಲು ನಾಲಿಗೆ ಏಳುತ್ತಿಲ್ಲ.

ಪೋಲಾ

*

ಓದ್ರಾ ದಂಡೆಯಿಂದ
೨೨ ಸೆಪ್ಟೆಂಬರ್ ೧೯೪೬

ಪ್ರೀತಿಯ ಪೋಲಾ,

ರೈ ಧಾನ್ಯದ ಬಿತ್ತನೆ ಮುಗಿಯಿತು. ಅಳತೆಯವರು ಬಂದು ಹೊಸಬರ ಹೊಲಗಳಿಗೆಲ್ಲ ಗೂಟ ಹೊಡೆದು ಹೋದರು. ಅವರಲ್ಲಿ ಒಬ್ಬ ಓದಿದವನು, ಮುದುಕ, ನಮ್ಮ ಮನೆಯಲ್ಲೇ ಉಳಿದಿದ್ದ. ನಾನು ಸೈತಾನನ ಚೀಲದ ಕಥೆ ಹೇಳಿದೆ. ಅವನು ನಕ್ಕು, ಕಲ್ಲು ತಂದದ್ದು ಸೈತಾನನಲ್ಲ, ಉತ್ತರದ ಸಮುದ್ರದಾಚೆಯಿಂದ ಬೆಟ್ಟದೆತ್ತರದ ಮಂಜುಗಡ್ಡೆ ಜಾರಿಕೊಂಡು ಬಂದು ನಿಮ್ಮೂರಿನ ಹತ್ತಿರ ನಿಂತಿತ್ತು, ಕರಗುವಾಗ ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸಿತು, ಅದೇ ನಿಮ್ಮ ದಿಬ್ಬ ಎಂದ. ಅಷ್ಟೇ ಅಲ್ಲ. ಆ ಕರಗಿದ ನೀರಿಗೆ ಉತ್ತರಕ್ಕೆ ಹೋಗಲು ಮಂಜು ಅಡ್ಡ. ಹಾಗಾಗಿ ನಮ್ಮ ಜವುಗಿನ ನೀರೆಲ್ಲ ಪಶ್ಚಿಮಕ್ಕೆ ಹರಿದು, ದೇಶದುದ್ದ ಬಯಲು ದಾಟಿ, ಇಲ್ಲಿಗೇ, ಈ ಓದ್ರಾ ಕಣಿವೆಗೇ ಬರುತ್ತಿತ್ತಂತೆ. ಮಂಜು ಹಿಂದೆ ಸರಿದ ಮೇಲೆ ವಿಸ್ಲಾ ನದಿಯ ಕಡೆಗೆ ತಿರುಗಿಬಿಟ್ಟಿತಂತೆ. ಅವತ್ತಿನಿಂದ ಸಂಜೆ ನದಿಯ ಏರಿಯ ಮೇಲೆ ನಿಂತು ಪೂರ್ವಕ್ಕೆ ನೋಡುವ ಚಟ ಹತ್ತಿದೆ.

ಒಂದು ಮಾತು ಹೇಳಲೇಬೇಕು. ಸಂಸಾರ ಕರೆಸಿಕೊಳ್ಳದೆ ಒಂಟಿಯಾಗಿ ಇರುವವರ ಹೊಲವನ್ನು ಬರುವ ವರ್ಷ ಸೆಪ್ಟೆಂಬರ್ ಕೊನೆಗೆ, ಸಂತ ಮೈಕೇಲನ ಹಬ್ಬಕ್ಕೆ, ವಾಪಸು ತೆಗೆದುಕೊಂಡು ಮಕ್ಕಳೊಂದಿಗರಿಗೆ ಕೊಡುತ್ತಾರೆ. ಇನ್ನೂ ವರ್ಷವಿದೆ. ಆದರೂ ಯೋಚನೆ ಮಾಡು.

ಇಲ್ಲಿ ಸೇಬು ರಾಶಿ ರಾಶಿ ಬಿದ್ದು ಕೊಳೆಯುತ್ತಿದೆ, ತಿನ್ನುವವರಿಲ್ಲ.

ನಿನ್ನ ತೋಫಿಲ್

*

ಗ್ರೊಂದಿ
೨ ಫೆಬ್ರುವರಿ ೧೯೪೭

ತೋಫಿಲ್,

ನಾಲ್ಕು ತಿಂಗಳು ಬರೆಯಲಿಲ್ಲ. ಸಿಟ್ಟು ಬಂದಿತ್ತು. ಮಗಳ ಬಗ್ಗೆ ಕೇಳಿದರೆ ಮಂಜುಗಡ್ಡೆಯ ಪುರಾಣ ಬರೆದು ಕಳಿಸಿದೆ. ನೀರೇ ನಿನ್ನ ಕಡೆ ಬರುವುದನ್ನು ಬಿಟ್ಟು ವಿಸ್ಲಾಕ್ಕೆ ತಿರುಗಿಕೊಂಡ ಮೇಲೆ ಹೆಂಡತಿ ಬರಬೇಕು ಎಂದರೆ ಹೇಗೆ ಎಂದು ಬರೆದು, ಹರಿದು ಹಾಕಿದೆ.

ಈ ಸಲದ ಚಳಿ ಹುಡುಗಾಟದ್ದಲ್ಲ. ಜವುಗೆಲ್ಲ ಕಲ್ಲಾಗಿದೆ. ಬೇಸಿಗೆಯಲ್ಲಿ ಒಟ್ಟಿ ಬಂದಿದ್ದ ಬಣವೆಗಳನ್ನೆಲ್ಲ ಜಾರುಬಂಡಿಯಲ್ಲಿ ತಂದೆವು. ಹಿಮದಲ್ಲಿ ಬಂಡಿಯ ದಾರಿ ತಪ್ಪದಂತೆ ಗುರುತಿಗೆ ಆಲ್ಡರ್ ಮರದ ಕೋಲು ನೆಡುವ ಕೆಲಸ ನಿನ್ನದಿತ್ತಲ್ಲ, ಈ ವರ್ಷ ನಾನು ನೆಟ್ಟೆ. ನಿನ್ನಷ್ಟು ನೆಟ್ಟಗೆ ಬರಲಿಲ್ಲ ಎಂದು ಫ್ಲೋರಿಯಾನ್ ಆಡಿಕೊಂಡ. ಹುಲ್ಲು ಮನೆ ಸೇರಿತು, ಹಸು ಬದುಕಿಕೊಂಡಿತು. ಆದರೂ ಮನೆಯೊಳಗೆ ಬಂದು ಕೈಗವಸು ತೆಗೆದಾಗ, ತಣ್ಣಗಾದ ಕೈ ಉಜ್ಜಿಕೊಡುವವರು ಇಲ್ಲ ಅನ್ನಿಸಿತು. ಇಪ್ಪತ್ತೆಂಟು ವರ್ಷಕ್ಕೇ ವಿಧವೆಯ ಹಾಗೆ ಬದುಕುವುದು ನನ್ನಿಂದ ಆಗುತ್ತಿಲ್ಲ.

ಅದಕ್ಕೆ ಒಂದು ನಿರ್ಧಾರ ಮಾಡಿದ್ದೇನೆ. ನೆರೆ ಇಳಿದ ಮೇಲೆ ಆ ಕೆಂಪು ಕಲ್ಲಿನ ಬುಡದ ಮಣ್ಣು ಒಂದು ಮುಷ್ಟಿ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡು ಬರುತ್ತೇನೆ. ಪಾದ್ರಿಯವರನ್ನು ಕೇಳಿದೆ. ತಪ್ಪಿಲ್ಲ, ಅಲ್ಲಿಯ ಸ್ಮಶಾನದಲ್ಲಿ ಆ ಮಣ್ಣು ಹಾಕಿ ಶಿಲುಬೆ ನೆಡಬಹುದು ಎಂದರು. ಅವಳೂ ಬಂದಂತಾಯಿತಲ್ಲ. ಮೇ ತಿಂಗಳಲ್ಲಿ ಹಸು ಹೊಡೆದುಕೊಂಡು ರೈಲು ಹತ್ತುತ್ತೇನೆ. ಕುರ್ಚಿ ಒರೆಸಿಡು.

ನಿನ್ನ ಪೋಲಾ

*

ಓದ್ರಾ ದಂಡೆಯಿಂದ
೩೧ ಮಾರ್ಚ್ ೧೯೪೭

ಪೋಲಾ,

ನಿನ್ನ ಕಾಗದ ಕೈಯಲ್ಲಿ ಹಿಡಿದು ಅಂಗಳವೆಲ್ಲ ಓಡಾಡಿದೆ. ಆಮೇಲೆ ನೆರೆ ಬಂತು.

ನನ್ನದೇ ತಪ್ಪು. ಕೊಟ್ಟಿಗೆಯ ಗೋಡೆಯ ಮೇಲೆ ಹಿಂದಿನವರು ನೆರೆಯ ಮಟ್ಟ ಕೆತ್ತಿದ್ದರು, ನನ್ನ ತಲೆಗಿಂತ ಮೇಲೆ. ಜರ್ಮನ್ನರು ನೀರಿಗೆ ಹೆದರುವ ಜನ ಎಂದು ನಕ್ಕಿದ್ದೆ. ನಮ್ಮಲ್ಲಿ ನೆರೆ ಎಂದರೆ ಬೆರಳಗಲ ಬೆರಳಗಲ ಏರುತ್ತದೆ, ಹೊಸ್ತಿಲ ಹತ್ತಿರ ನಿಲ್ಲುತ್ತದೆ, ಮೂರು ವಾರ ಇದ್ದು ಹುಲ್ಲಿಗೆ ಗೊಬ್ಬರ ಬಿಟ್ಟು ಹೋಗುತ್ತದೆ. ಅದಕ್ಕೆ ಊರವರು ಮೂಟೆ ಕಟ್ಟಿಕೊಂಡು ಹೋಗುವಾಗ ನಾನು ಹಂದಿಗೆ ಆಲೂಗಡ್ಡೆ ಬೇಯಿಸುತ್ತಾ ಕೂತಿದ್ದೆ. ಯುದ್ಧದಲ್ಲಿ ಗುಂಡು ಬಿದ್ದು ಸಡಿಲವಾಗಿದ್ದ ಏರಿ ಮಧ್ಯಾಹ್ನ ಒಡೆಯಿತು. ಅರ್ಧ ಗಂಟೆಯಲ್ಲಿ ನಾನು ಅಟ್ಟದ ಮೇಲೆ, ಹಂದಿ ನೀರಿನಲ್ಲಿ. ಅದು ಉಳಿಯಲಿಲ್ಲ. ಬಿತ್ತಿದ್ದ ರೈ ಹೋಯಿತು.

ಅಟ್ಟದ ಕಿಟಕಿಯಿಂದ ನೋಡಿದೆ, ಅಳತೆಯವರು ಹೊಡೆದ ಗೂಟಗಳು ಒಂದೊಂದಾಗಿ ಕಿತ್ತುಕೊಂಡು ತೇಲಿ ಹೋದವು. ನೀರು ಇಳಿದ ಮೇಲೆ ಯಾರ ಹೊಲ ಎಲ್ಲಿ ಎಂದು ಒಬ್ಬರಿಗೂ ಗೊತ್ತಾಗಲಿಲ್ಲ. ಎರಡು ದಿನ ನನಗೆ ಊಟ ಸೇರಲಿಲ್ಲ.

ಮನೆ ನಿಂತಿದೆ. ಮಣ್ಣು ತರುತ್ತೇನೆ ಎಂದಿದ್ದೀಯ. ತಾ. ಬೇಗ ಬಾ.

ತೋಫಿಲ್

*

ಗ್ರೊಂದಿ
೨೮ ಏಪ್ರಿಲ್ ೧೯೪೭

ತೋಫಿಲ್,

ಕಲ್ಲು ಇಲ್ಲ.

ಹಬ್ಬಕ್ಕೆ ನಾನು ಮೂರು ದಿನ ತವರಿಗೆ ಹೋಗಿದ್ದೆ. ನೀರು ಇಳಿದಿದ್ದೇ ತಡ, ಊರವರು ಕಲ್ಲು ಆರಿಸಲು ಹೊಲಕ್ಕೆ ಇಳಿದಿದ್ದಾರೆ. ಗಂಡಸಿಲ್ಲದ ಮನೆ, ಪಾಪ ಪೋಲಾಗೆ ಕೆಲಸ ಹಗುರವಾಗಲಿ ಎಂದು ಫ್ಲೋರಿಯಾನ್ ನಮ್ಮ ಹೊಲದ ಪಟ್ಟಿಯನ್ನೂ ಪೂರ್ತಿ ಸ್ವಚ್ಛ ಮಾಡಿದ್ದಾನೆ. ದೊಡ್ಡವನ್ನು ಹಾರೆ ಹಾಕಿ ಎಬ್ಬಿಸಿ ರಸ್ತೆಗೆ ಹಾಸುವ ರಾಶಿಗೆ ಸಾಗಿಸಿದ್ದಾನೆ. ಅದು ಏನೆಂದು ಅವನಿಗೆ ಗೊತ್ತಿರಲಿಲ್ಲ, ನಾನು ಅಲ್ಲಿ ದಣಿವಾರಿಸಿಕೊಳ್ಳಲು ಕೂರುತ್ತೇನೆ ಎಂದುಕೊಂಡಿದ್ದನಂತೆ. ನೀನು ಯಾರಿಗೂ ಹೇಳಿರಲಿಲ್ಲ, ಶಿಲುಬೆ ನೆಡೋಣ ಎಂದರೂ ಬೇಡ ಎಂದಿದ್ದೆ.

ನಾನು ಅವನ ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. ಅವನ ಏಳು ತಲೆಮಾರನ್ನೂ ಬಿಡಲಿಲ್ಲ. ಅವನು ಟೋಪಿ ಕೈಯಲ್ಲಿ ಹಿಡಿದು, "ನಂಗೆ ಗೊತ್ತಿರ್ಲಿಲ್ಲ ಕಣಮ್ಮಾ, ಕಲ್ಲು ಅಂದ್ರೆ ಕಲ್ಲೇ ಅಂದ್ಕೊಂಡೆ" ಎಂದ. ರಸ್ತೆಯ ರಾಶಿಯಲ್ಲಿ ನಾಲ್ಕು ದಿನ ಹುಡುಕಿದೆ. ಕೆಂಪು ಕಲ್ಲುಗಳು ನೂರಿವೆ.

ಕಲ್ಲೆದ್ದ ಗುಂಡಿಗಳನ್ನೆಲ್ಲ ಅವನು ಮುಚ್ಚಿದ್ದಾನೆ, ಹೊಲ ಒಂದೇ ಸಮ ಇದೆ. ಎಲ್ಲಿ ಕೂರಲಿ, ಎಲ್ಲಿಂದ ಮಣ್ಣು ತೆಗೆಯಲಿ? ಬೇರೆ ಯಾವುದೋ ಮಣ್ಣು ಕಟ್ಟಿಕೊಂಡು ನಾನು ರೈಲು ಹತ್ತುವುದಿಲ್ಲ. ನೀನು ಅಗೆದವನು. ಕಾಡುಸೇಬಿನ ಮರದಿಂದ ಎಷ್ಟು ಹೆಜ್ಜೆ, ಯಾವ ಕಡೆಗೆ, ಬರೆದು ಕಳಿಸು. ಅದು ಬಂದ ಮರುದಿನವೇ ಹೊರಡುತ್ತೇನೆ.

ಪೋಲಾ

*

ಓದ್ರಾ ದಂಡೆಯಿಂದ
೧೨ ಮೇ ೧೯೪೭

ಪೋಲಾ,

ಕಾಡುಸೇಬಿನ ಮರಕ್ಕೆ ಬೆನ್ನು ಕೊಟ್ಟು ನದಿಯ ಕಡೆ ನಲವತ್ತು ಹೆಜ್ಜೆ. ಮಣ್ಣು ತೆಗೆದುಕೊಂಡು ಬಾ. ಫ್ಲೋರಿಯಾನ್ ಮೇಲೆ ಕೋಪ ಬೇಡ.

ತೋಫಿಲ್

*

ಗ್ರೊಂದಿ
೧ ಜೂನ್ ೧೯೪೭

ತೋಫಿಲ್,

ನಲವತ್ತು ಹೆಜ್ಜೆ ಇಟ್ಟೆ. ನಿನ್ನ ಕಾಲು ಉದ್ದ ಎಂದು ನನ್ನ ನಲವತ್ತೈದು ಇಟ್ಟೆ. ಮೇಲಿನ ಮಣ್ಣು ಬೇಡ, ಅವಳಿಗೆ ಹತ್ತಿರದ್ದು ಬೇಕು ಎಂದು ಸಲಿಕೆ ಹಾಕಿದೆ. ಒಂದು ಮೊಳ ಹೋಗುವಷ್ಟರಲ್ಲಿ ಠಣ್ ಎಂದಿತು. ಸುತ್ತಲೂ ಬಿಡಿಸಿ ನೋಡಿದೆ. ಒಲೆಯಷ್ಟು ದೊಡ್ಡ ಬಂಡೆ, ನೆಲಕ್ಕೆ ಅಂಟಿಕೊಂಡು ಕೂತಿದೆ. ಮೇಲೆ ಜೇಡಿಮಣ್ಣು ಒತ್ತಾಗಿ ಹಾಗೇ ಇದೆ. ಅಲ್ಲಿ ಯಾರೂ ಯಾವತ್ತೂ ಅಗೆದಿಲ್ಲ.

ನಾನು ಈ ದಿಬ್ಬದಲ್ಲೇ ಹುಟ್ಟಿದವಳು. ಅಗೆದ ನೆಲ ಯಾವುದು, ಅಗೆಯದ್ದು ಯಾವುದು ಎಂದು ನನಗೆ ಗೊತ್ತಾಗುತ್ತದೆ. ನನ್ನ ಮಗಳು ಎಲ್ಲಿದ್ದಾಳೆ?

*

ಓದ್ರಾ ದಂಡೆಯಿಂದ
೨೪ ಜೂನ್ ೧೯೪೭

ಪೋಲಾ,

ನನಗೆ ಗೊತ್ತಿಲ್ಲ.

ಇದನ್ನು ಬರೆಯಲು ಎರಡು ವರ್ಷದ ಮೇಲಾಯಿತು. ಪೂರ್ತಿ ಓದು, ಆಮೇಲೆ ಏನು ಬೇಕಾದರೂ ಅನ್ನು.

ಅವತ್ತು ಮಧ್ಯಾಹ್ನ ದಿಬ್ಬದ ಮೇಲೆ ಮೂರು ಕಡೆ ಹಾರೆ ಹಾಕಿದೆ. ಹೆಪ್ಪುಗಟ್ಟಿದ ನೆಲ, ಬರೀ ಕಲ್ಲು, ಕಿಡಿ ಹಾರಿತೇ ಹೊರತು ಗುಂಡಿಯಾಗಲಿಲ್ಲ. ಅವಳನ್ನು ನನ್ನ ಕೋಟಿನಲ್ಲಿ ಸುತ್ತಿ ಹಿಮದ ಮೇಲೆ ಮಲಗಿಸಿದ್ದೆ. ಇಳಿಯುತ್ತಾ ಇಳಿಯುತ್ತಾ ಹೊಲದ ಬುಡಕ್ಕೆ ಹೋದೆ, ಕಲ್ಲು ಮುಗಿದು ಮರಳು ಶುರುವಾಗುವಲ್ಲಿ. ಅಲ್ಲಿ ನೆಲ ಬಿಟ್ಟುಕೊಟ್ಟಿತು. ಹಿಮ ಬೀಳುತ್ತಲೇ ಇತ್ತು, ಹತ್ತು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ಮುಚ್ಚಿದ ಮೇಲೆ ಗುರುತಿಗೆ ಏನು ಇಡಲಿ ಎಂದು ನೋಡಿ, ಒಂದು ಆಲ್ಡರ್ ಕೋಲು ಕಡಿದು ನೆಟ್ಟೆ. ಬಂಡಿಯ ದಾರಿಗೆ ನೆಡುತ್ತೇವಲ್ಲ, ಹಾಗೆ. ಕೈಗೆ ರೂಢಿಯಾದದ್ದನ್ನು ಕೈ ಮಾಡಿತು. ಆ ಕೋಲುಗಳು ಇರುವುದೇ ನೆರೆ ಬಂದಾಗ ತೇಲಿ ಹೋಗುವುದಕ್ಕೆ ಎಂದು ನನಗೆ, ಹನ್ನೆರಡು ವರ್ಷ ನೆಟ್ಟವನಿಗೆ, ಅವತ್ತು ಹೊಳೆಯಲಿಲ್ಲ.

ನೆರೆ ಬಂತು. ಸದ್ದಿಲ್ಲದೆ ಬಂತು, ಸದ್ದಿಲ್ಲದೆ ಹೋಯಿತು. ಹೊಲದ ಬುಡಕ್ಕೆಲ್ಲ ಒಂದೇ ಸಮ ಮಣ್ಣು ಬಳಿದು ಹೋಯಿತು. ನೀನು ಏಳುವುದಕ್ಕೆ ಮುಂಚೆ ಆರು ದಿನ ಮಂಡಿಯೂರಿ ಹುಡುಕಿದೆ. ಆಮೇಲೆ ನೀನು ಗೋಡೆ ಹಿಡಿದುಕೊಂಡು ಬಂದು, "ಎಲ್ಲಿ?" ಅಂತ ಕೇಳಿದೆ. ಮೂಳೆ ಚಕ್ಕಳ ಆಗಿದ್ದೆ. ಗೊತ್ತಿಲ್ಲ ಎಂದರೆ ನೀನೂ ಹೋಗಿಬಿಡುತ್ತೀಯ ಅನ್ನಿಸಿತು. ಕೈ ಹಿಡಿದು ಹೊಲಕ್ಕೆ ಕರೆದುಕೊಂಡು ಹೋದೆ. ಆ ಚಳಿಗಾಲ ನೆಲ ಹೊಸದಾಗಿ ಹೊರಹಾಕಿದ್ದ ಒಂದು ಕೆಂಪು ಕಲ್ಲು ಎದುರಿಗಿತ್ತು. "ಇಲ್ಲೇ" ಎಂದೆ.

ನೀನು ಅದನ್ನು ಅಪ್ಪಿಕೊಂಡೆ. ಪ್ರತಿ ಭಾನುವಾರ ಅದನ್ನು ತೊಳೆಯುವುದನ್ನು ನೋಡುತ್ತಾ ಆ ಊರಿನಲ್ಲಿ ಇರಲಾರದೆ ಇಲ್ಲಿಗೆ ಬಂದೆ. ಹೊಲದ ಆಸೆಗೆ ಬಂದೆ ಎಂದು ಎಲ್ಲರಿಗೂ ಹೇಳಿದೆ. ನೀನು ಮಣ್ಣು ಕಟ್ಟಿಕೊಂಡು ಬರುತ್ತೇನೆ ಎಂದಾಗ, ಬರಲಿ, ಇವಳೊಬ್ಬಳು ಬಂದರೆ ಸಾಕು, ಸುಳ್ಳು ನನ್ನ ಜೊತೆ ಸಾಯಲಿ ಎಂದುಕೊಂಡೆ. ನಲವತ್ತು ಹೆಜ್ಜೆ ಎಂದದ್ದೂ ಅದಕ್ಕೇ.

ಇನ್ನು ನೀನು ಬರುವುದಿಲ್ಲ ಎಂದು ನನಗೆ ಗೊತ್ತು.

ತೋಫಿಲ್

*

ಗ್ರೊಂದಿ
೮ ಸೆಪ್ಟೆಂಬರ್ ೧೯೪೭

ತೋಫಿಲ್,

ಎರಡೂವರೆ ತಿಂಗಳು ನಿನ್ನ ಕಾಗದ ಹಿಟ್ಟಿನ ಡಬ್ಬದ ಕೆಳಗೆ ಇತ್ತು. ಒಲೆಗೆ ಹಾಕಬೇಕೆಂದು ಮೂರು ಸಲ ತೆಗೆದೆ.

ಕಲ್ಲಿರುವ ಕಡೆ ನೀನು ಅಗೆಯಲಾರೆ ಎಂದು ನನಗೇ ಹೊಳೆಯಬೇಕಿತ್ತು. ಜನವರಿಯಲ್ಲಿ, ಆ ದಿಬ್ಬದಲ್ಲಿ, ಅಂಥ ದೊಡ್ಡ ಕಲ್ಲಿನ ಬುಡದಲ್ಲಿ ಯಾವ ಗಂಡಸು ಗುಂಡಿ ತೋಡಿಯಾನು. ನಂಬಬೇಕಿತ್ತು, ನಂಬಿದೆ. ನೀನು ಸುಳ್ಳು ಹೇಳದಿದ್ದರೆ ನಾನು ಅವತ್ತು ಆ ಹೊಲದಿಂದ ಎದ್ದು ಬರುತ್ತಿರಲಿಲ್ಲ, ಅದೂ ನಿಜ. ಆದರೆ ಆಮೇಲಿನ ಎರಡು ವರ್ಷ? ನಲವತ್ತು ಹೆಜ್ಜೆ? ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಎದುರಿಗಿದ್ದರೆ ಹೊಡೆದುಬಿಡುತ್ತಿದ್ದೆ.

ಫ್ಲೋರಿಯಾನ್ ಮನೆಗೆ ಹೋಗಿ ತಪ್ಪಾಯಿತು ಎಂದೆ. ಎಲ್ಲ ಹೇಳಿದೆ. ಅವನ ಹೆಂಡತಿ ಒಂದು ಬೋಗುಣಿ ಮೊಸರು ಕೊಟ್ಟಳು. ಮರುದಿನ ನೋಡಿದರೆ ಅವನು ತನ್ನ ಹಸುಗಳನ್ನು ನಮ್ಮ ಹೊಲದ ಬುಡದ ಮೇಲೆ ಹೊಡೆಯದೆ ಸುತ್ತು ಹಾಕಿಕೊಂಡು ಜವುಗಿಗೆ ಇಳಿಸುತ್ತಿದ್ದ. ಈಗ ಊರವರೆಲ್ಲ ಹಾಗೇ ಮಾಡುತ್ತಾರೆ.

ನಾನು ಬರುವುದಿಲ್ಲ. ಸಿಟ್ಟಿನಿಂದ ಅಲ್ಲ. ಸಿಟ್ಟಿದೆ, ಅದು ಬೇರೆ ಮಾತು. ಮುಂಚೆ ಅವಳು ಒಂದು ಕಲ್ಲಿನ ಕೆಳಗಿದ್ದಳು, ಒಂದು ಮುಷ್ಟಿ ಸಾಕಿತ್ತು. ಈಗ ಆ ಪಟ್ಟಿಯಲ್ಲಿ ಎಲ್ಲಿ ಕಾಲಿಟ್ಟರೂ ಅವಳಿರಬಹುದು. ಮರದ ಪಾದರಕ್ಷೆ ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ಇಳಿಯುತ್ತೇನೆ. ಇಡೀ ಹೊಲ ಕರವಸ್ತ್ರದಲ್ಲಿ ಕಟ್ಟಲು ಬರುವುದಿಲ್ಲ.

ನೀನು ಆರು ದಿನ ಮಂಡಿಯೂರಿ ಒಬ್ಬನೇ ಹುಡುಕಿದ್ದು ನನಗೆ ಗೊತ್ತಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ. ನಿನ್ನನ್ನು ನೋಡಬೇಕು ತೋಫಿಲ್. ಹೊಲದ ವಿಷಯ ನಿನಗೆ ಬಿಟ್ಟದ್ದು.

ಪೋಲಾ

*

ರೈಲು ನಿಲ್ದಾಣದಿಂದ
೨೭ ಸೆಪ್ಟೆಂಬರ್ ೧೯೪೭

ಪೋಲಾ,

ಈ ಕಾಗದ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ ಗೊತ್ತಿಲ್ಲ. ಮಂಗಳವಾರ ಹೊತ್ತು ಮುಳುಗುವುದರೊಳಗೆ ಅಲ್ಲಿರುತ್ತೇನೆ. ಹೊಡೆಯುವುದಿದ್ದರೆ ಹೊಡೆ, ಒಳಗೆ ಮಾತ್ರ ಬಿಟ್ಟುಕೋ.

ಬೆಳಗ್ಗೆ ಕಚೇರಿಗೆ ಹೋಗಿ ಹೊಲದ ಕಾಗದ ವಾಪಸು ಕೊಟ್ಟೆ. ಗುಮಾಸ್ತನಿಗೆ ನಂಬಿಕೆಯೇ ಬರಲಿಲ್ಲ. ಇಂಥ ಭೂಮಿಗೆ ಜನ ಸಾಲು ನಿಂತಿದ್ದಾರೆ, ಕಾರಣ ಬರೆಯದೆ ಬಿಡುವ ಹಾಗಿಲ್ಲ ಎಂದು ಲೇಖನಿ ಮುಂದೆ ತಳ್ಳಿದ. ನಾನು ಬರೆದೆ: ಮಗಳು ಅಲ್ಲಿದ್ದಾಳೆ.

ಅವನು ಓದಿ ಕನ್ನಡಕ ಮೇಲೆ ಮಾಡಿ ನನ್ನ ಮುಖ ನೋಡಿದ.

"ಹೆಸ್ರು ಏನು?"

"ರೂಜ್ಯಾ."

"ಎಷ್ಟು ವರ್ಷ?"

"ನಾಲ್ಕು."

"ಅಷ್ಟು ಚಿಕ್ಕದನ್ನ ಬಿಟ್ಟು ಇಷ್ಟು ದಿನ ಹೇಗಿದ್ದೆಯೋ ಮಾರಾಯ," ಎಂದು ಮುದ್ರೆ ಒತ್ತಿದ. "ದಾರಿ ಕಾಯ್ತಿರುತ್ತೆ, ಬೇಗ ಹೋಗು."

ನಾನು ತಿದ್ದಲಿಲ್ಲ. ಹೂಂ ಎಂದು ಟೋಪಿ ತೆಗೆದುಕೊಂಡು ಬಂದೆ.

ತೋಫಿಲ್